ಓದುಗರ ಪ್ರಶ್ನೋತ್ತರ: ಹಾಡಿನೊಳಗಿನ ಹಂಬಲ

ಹಾಡುಗಳಲ್ಲಿ ಬರುವ ಅಗಲಿಕೆ, ಕಾಯುವಿಕೆ ಮತ್ತು ಒಲವಿನ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ಈಗಿನ ಸಿನಿಮಾ ಹಾಡುಗಳಲ್ಲಿ ‘ನೀನಿಲ್ಲದೆ ನಾನಿಲ್ಲ’ ಎಂಬ ಅರ್ಥದ ಸಾಲು ಚರಣಕ್ಕೊಮ್ಮೆ ಬಂದರೂ ಮನಸ್ಸಿಗೆ ನಾಟುವುದಿಲ್ಲ. ‘ರಾಯರು ಬಂದರು ಮಾವನ ಮನೆಗೆ’ ಹಾಡನ್ನು ಎಷ್ಟನೆಯ ಸಲ ಕೇಳಿದರೂ ಎದೆಯೊಳಗೆ ಏನೋ ಮಿಸುಕಾಡುತ್ತದೆ, ಆದರೆ ಅದರಲ್ಲಿ ವಿರಹದ ಮಾತೇ ಇಲ್ಲ. ಇದು ನನ್ನ ವಯಸ್ಸಿನ ದೋಷವೋ, ಬರವಣಿಗೆಯ ವ್ಯತ್ಯಾಸವೋ? (ಮೈಸೂರಿನ ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ವಯಸ್ಸಿನ ಪಾಲೂ ಸ್ವಲ್ಪ ಇದ್ದೀತು. ಹದಿಹರೆಯದಲ್ಲಿ ಕಿವಿಗೆ ಬಿದ್ದ ಹಾಡಿಗೆ ಆಮೇಲಿನ ಯಾವ ಹಾಡೂ ಸಾಟಿಯಾಗುವುದು ಕಷ್ಟ. ಆದರೆ ಉತ್ತರದ ಮುಖ್ಯ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ವಿರಹದ ಮಾತೇ ಇಲ್ಲದಿರುವುದರಿಂದಲೇ ಆ ಹಾಡಿನಲ್ಲಿ ವಿರಹ ಅಷ್ಟು ಗಟ್ಟಿಯಾಗಿ ನಿಂತಿದೆ.

1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯ ಈ ಕವಿತೆಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಮಾಡಿರುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹುಣ್ಣಿಮೆಯ ರಾತ್ರಿ ಅಳಿಯ ಮಾವನ ಮನೆಗೆ ಬರುತ್ತಾನೆ. ಒಳಗೆ ದೀಪ ಉರಿಯುತ್ತಿದೆ, ಮೃಷ್ಟಾನ್ನ ಕಾದಿದೆ, ಬೆಳ್ಳಿಯ ಬಟ್ಟಲಲ್ಲಿ ಗಸಗಸೆ ಪಾಯಸವಿದೆ, ಮಂಚದ ಮೇಲೆ ಮೆತ್ತನೆಯ ಹಾಸಿಗೆ ಹಾಸಿದೆ. ನಾದಿನಿ ಅಡಿಕೆ ತರುತ್ತಾಳೆ, ಬಿಸಿ ಹಾಲೂ ಬರುತ್ತದೆ. ಮನೆಯಲ್ಲಿರುವ ಪ್ರತಿಯೊಂದು ವಸ್ತುವೂ ಪ್ರತಿಯೊಬ್ಬ ಮನುಷ್ಯರೂ ಒಬ್ಬರ ಹಿಂದೊಬ್ಬರಂತೆ ರಾಯರ ಮುಂದೆ ಬರುತ್ತಾರೆ. ಯಾರಿಗಾಗಿ ಅವರು ಬಂದರೋ ಆ ಹೆಂಡತಿ ಪದುಮ ಮಾತ್ರ ಬರುವುದಿಲ್ಲ. ಅವಳ ಬದಲಿಗೆ ಕಾಣುವುದು ರೇಶಿಮೆ ದಿಂಬಿನ ಅಂಚಿನಲ್ಲಿ ಅವಳು ಹಾಕಿದ ಹೂವು. ಅವಳ ಬೆರಳು ಗಂಟೆಗಟ್ಟಲೆ ಓಡಾಡಿದ ಜಾಗದ ಮೇಲೆ ಅವನು ತಲೆಯಿಟ್ಟು ಮಲಗಬೇಕು, ಮತ್ತು ಅವಳು ಅಲ್ಲಿಲ್ಲ. ಪದುಮಳು ಒಳಗಿಲ್ಲ ಎಂಬ ಸುದ್ದಿ ನಾದಿನಿಯ ನಗುವಿನೊಡನೆ ಬರುವಾಗ ರಾಯರಿಗೆ ಹೇಗಾಗಿರಬೇಕೆಂದು ಕವಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ನಮ್ಮ ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು, ಅಂದರೆ ಅಗಲಿಕೆಯ ಒಲವನ್ನು, ಪೂರ್ವರಾಗ (ಕೂಡುವ ಮೊದಲಿನ ಹಂಬಲ), ಮಾನ (ಮುನಿಸು), ಪ್ರವಾಸ (ದೂರ ಹೋಗಿರುವುದು), ಕರುಣ (ಸಾವಿನ ಅಗಲಿಕೆ) ಎಂದು ನಾಲ್ಕಾಗಿ ವಿಂಗಡಿಸಿದ್ದುಂಟು. ರಾಯರ ಆ ಒಂದು ರಾತ್ರಿ ಈ ನಾಲ್ಕರಲ್ಲಿ ಯಾವುದರಲ್ಲೂ ನೆಟ್ಟಗೆ ಕೂರುವುದಿಲ್ಲ. ಬೆಳಗಾದ ಮೇಲೆ ಮುನಿಸೇನೋ ಕಾಣಿಸಿಕೊಳ್ಳುತ್ತದೆ, ಆದರೆ ಅದು ಶಾಸ್ತ್ರದ ನಾಯಕಿಯ ಮುನಿಸಲ್ಲ. ಹೊರಟುಬಿಡುತ್ತೇನೆಂದು ಎದ್ದುನಿಂತ ಅಳಿಯನ ಮುನಿಸು. ಕೊನೆಗೆ ಪದುಮ ಹೂ ಮುಡಿಯುತ್ತ ಬರುತ್ತಾಳೆ, ಕವಿತೆ ಮುಗಿಯುತ್ತದೆ. ಅಗಲಿಕೆಯ ಅವಧಿ ಒಂದೇ ಒಂದು ರಾತ್ರಿ. ಅಗಲಿಕೆ ದೊಡ್ಡದಾಗಿರಬೇಕು, ಜೀವನ್ಮರಣದ ಪ್ರಶ್ನೆಯಾಗಿರಬೇಕು ಎಂಬ ನಂಬಿಕೆಯಿಂದ ಹೊರಟ ಹಾಡುಗಳಿಗೆ ಇಲ್ಲೊಂದು ಪಾಠವಿದೆ. ‘ನೀನಿಲ್ಲದೆ ನಾನಿಲ್ಲ’ ಎಂಬ ಸಾಲಿನಲ್ಲಿ ‘ನೀನು’ ಯಾರೆಂಬುದು ಗೊತ್ತಾಗುವುದಿಲ್ಲ, ಅವಳು ಇರಬೇಕಾಗಿದ್ದ ಜಾಗವೂ ಕಾಣುವುದಿಲ್ಲ. ಇಲ್ಲದವರ ಜಾಗವನ್ನು ಕಣ್ಣಿಗೆ ಕಾಣಿಸದ ಹಾಡಿನಲ್ಲಿ ಅವರ ಇಲ್ಲದಿರುವಿಕೆಯೂ ಕೇಳುಗರಿಗೆ ತಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಈಗಿನ ಸಿನಿಮಾ ಹಾಡುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ನ್ಯಾಯವಲ್ಲ. 2006ರ ‘ಮುಂಗಾರು ಮಳೆ’ ಚಿತ್ರಕ್ಕೆ ಜಯಂತ ಕಾಯ್ಕಿಣಿಯವರು ಬರೆದ ‘ಅನಿಸುತಿದೆ ಯಾಕೋ ಇಂದು’ ಗೀತೆ ಆ ಕಾಲದ ಹುಡುಗ ಹುಡುಗಿಯರ ಬಾಯಲ್ಲಿ ನಿಂತದ್ದಕ್ಕೆ ಮನೋಮೂರ್ತಿಯವರ ಮಟ್ಟು ಮತ್ತು ಸೋನು ನಿಗಮ್ ಅವರ ದನಿ ಮಾತ್ರ ಕಾರಣವಲ್ಲ. ಅದರಲ್ಲಿರುವ ‘ಯಾಕೋ’, ‘ಹಾಗೇ ಸುಮ್ಮನೆ’ ಎಂಬ ಮನೆಮಾತಿನ ತುಣುಕುಗಳು ಪ್ರೇಮವನ್ನು ಘೋಷಣೆಯಾಗಲು ಬಿಡದೆ ಅನುಮಾನದಲ್ಲೇ ಹಿಡಿದಿಡುತ್ತವೆ. ಹುಡುಗನಿಗೆ ತನ್ನ ಮಾತಿನ ಮೇಲೆ ಪೂರ್ತಿ ಭರವಸೆಯಿಲ್ಲ ಎಂಬುದು ಕೇಳುಗರಿಗೆ ತಿಳಿಯುತ್ತದೆ, ಮತ್ತು ಹಂಬಲ ಒಳನುಸುಳುವುದು ಆ ಅನುಮಾನದ ಸಂದಿಯಲ್ಲೇ.

ಪ್ರಶ್ನೆ: ನಮ್ಮ ಮದುವೆಯ ವಾರ್ಷಿಕೋತ್ಸವದಲ್ಲಿ ಗೆಳೆಯರೊಬ್ಬರು ಬೇಂದ್ರೆಯವರ ‘ನೀ ಹಿಂಗ ನೋಡಬ್ಯಾಡ ನನ್ನ’ ಹಾಡಿದರು. ಹಿರಿಯ ಬಂಧುವೊಬ್ಬರು ಮುಖ ಸಿಂಡರಿಸಿ, ಇದು ಶುಭಕಾರ್ಯದಲ್ಲಿ ಹಾಡುವ ಹಾಡಲ್ಲ ಎಂದರು. ಗಂಡ ಹೆಂಡತಿಗೆ ಹೇಳುವ ಪ್ರೀತಿಯ ಮಾತಲ್ಲವೇ ಅದು? ತಪ್ಪೇನಿದೆ? (ಹುಬ್ಬಳ್ಳಿಯ ದಂಪತಿ)

ಉತ್ತರ: ಗಂಡ ಹೆಂಡತಿಗೆ ಹೇಳುವ ಮಾತು ಎಂಬುದು ನಿಜ, ಪ್ರೀತಿಯ ಮಾತು ಎಂಬುದೂ ನಿಜ. ಆದರೆ ಆ ಇಬ್ಬರ ನಡುವೆ ಮಗುವಿನ ಸಾವಿದೆ. ಮೊದಲ ಎರಡು ಸಾಲನ್ನಷ್ಟೇ ಕೇಳಿದವರಿಗೆ ಇದು ನಾಚಿಕೆಯ, ಸರಸದ ಹಾಡಿನಂತೆ ಕಾಣುತ್ತದೆ. ಮುಂದಿನ ನುಡಿಗಳಿಗೆ ಕಿವಿಗೊಟ್ಟರೆ ಆ ಭ್ರಮೆ ಉಳಿಯುವುದಿಲ್ಲ. ಹೆಂಡತಿಯ ಕಣ್ಣು ಒಂದು ಕಾಲಕ್ಕೆ ಇಬ್ಬನಿಯಲ್ಲಿ ತೊಳೆದ ಕವಳಿಹಣ್ಣಿನಂತೆ ಹೊಳೆಯುತ್ತಿತ್ತು. ಇವು ನಿನ್ನವೇ ಕಣ್ಣುಗಳೇನು ಎಂದು ಗಂಡ ಈಗ ದಿಗಿಲುಬಿದ್ದು ಕೇಳುತ್ತಾನೆ. ಹಗಲಿನ ಮುಗಿಲಿನಲ್ಲಿ ಹುಣ್ಣಿಮೆಯ ಚಂದ್ರನ ಹೆಣ ತೇಲಿಬಂದ ಹಾಗೆ ಆ ಮುಖ ಅವನಿಗೆ ಕಾಣುತ್ತದೆ. ಅತ್ತರೆ ಅತ್ತುಬಿಡು, ಹೊನಲೇ ಹರಿಯಲಿ, ನಕ್ಕು ಯಾಕೆ ದುಃಖವನ್ನು ಮರೆಸುತ್ತೀಯ, ತುಟಿ ಕಚ್ಚಿ ಬಿಕ್ಕನ್ನು ಹಿಡಿಯಬೇಡ ಎಂದು ಅವನು ಬೇಡಿಕೊಳ್ಳುತ್ತಾನೆ.

ನಿಮ್ಮ ಬಂಧುವಿನ ಆಕ್ಷೇಪ ಶಕುನದ ಕಾರಣಕ್ಕೆ ಹುಟ್ಟಿದ್ದರೆ ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಹಾಡಿನ ದೃಷ್ಟಿಯಿಂದ ಹೇಳುವುದಾದರೆ, ದಾಂಪತ್ಯದ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಆಳವಾದ ಗೀತೆಯನ್ನು ಹುಡುಕುವುದು ಕಷ್ಟ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದೆ, ಆದರೂ ನೋಟಕ್ಕೆ ನೋಟ ಕೊಡಲು ಆಗುತ್ತಿಲ್ಲ. ಊರು ಬಿಟ್ಟು ಹೋದವರಿಗಾಗಿ ಹಂಬಲಿಸುವ ಹಾಡುಗಳು ನೂರಾರಿವೆ. ಎದುರಿಗೇ ಕೂತವಳನ್ನು ತಲುಪಲಾಗದ ಹಂಬಲ ಅಪರೂಪ. ಅವನ ದುಃಖದಷ್ಟೇ ಅವಳ ದುಃಖವೂ ದೊಡ್ಡದು, ಅದನ್ನು ಹೊರಲು ತನ್ನಿಂದ ಆಗದು ಎಂದು ಒಪ್ಪಿಕೊಂಡು ಹೆಂಡತಿಯ ಮುಂದೆ ಅಸಹಾಯಕನಾಗಿ ನಿಲ್ಲುವ ಗಂಡಸು ನಮ್ಮ ಹಾಡುಗಳಲ್ಲಿ ಎಷ್ಟು ಕಡೆ ಸಿಕ್ಕಾನು? ಧಾರವಾಡದ ಆಡುನುಡಿಯಲ್ಲೇ ಈ ಮಾತು ಬಂದಿರುವುದೂ ಮುಖ್ಯ. ಗ್ರಂಥಸ್ಥ ಕನ್ನಡದಲ್ಲಿ ಗಂಡ ಹೆಂಡತಿಗೆ ಹೀಗೆ ಹೇಳಿದ್ದರೆ ಅದು ಸಾಂತ್ವನದ ಭಾಷಣವಾಗಿಬಿಡುತ್ತಿತ್ತು.

ಮುಂದಿನ ವಾರ್ಷಿಕೋತ್ಸವದಲ್ಲಿ ಹಾಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಹಾಡಿಸುವುದಾದರೆ ಪಲ್ಲವಿಯನ್ನಷ್ಟೇ ಹಾಡಿ ನಿಲ್ಲಿಸಬೇಡಿ, ಪೂರ್ತಿ ಹಾಡಿಸಿ.

ಪ್ರಶ್ನೆ: ಅಕ್ಕಮಹಾದೇವಿಯ ವಚನಗಳನ್ನು ಸುಗಮ ಸಂಗೀತದಲ್ಲಿ ಪ್ರೇಮಗೀತೆಯ ಹಾಗೆ ಹಾಡುವುದು ಸರಿಯೇ? ಭಕ್ತಿಯ ಹಂಬಲವನ್ನೂ ಗಂಡು ಹೆಣ್ಣಿನ ಹಂಬಲವನ್ನೂ ಬೇರೆ ಮಾಡಬೇಡವೇ? (ಶಿವಮೊಗ್ಗದ ಸಂಗೀತ ವಿದ್ಯಾರ್ಥಿನಿ)

ಉತ್ತರ: ಬೇರೆ ಮಾಡಲು ಅಕ್ಕನೇ ಒಪ್ಪಿಲ್ಲವಲ್ಲ. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದೇ ಕರೆದು, ಉಳಿದ ಗಂಡಂದಿರನ್ನು ತಳ್ಳಿಹಾಕಿದ ಹನ್ನೆರಡನೆಯ ಶತಮಾನದ ಈ ಹೆಣ್ಣು ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದದ್ದು ಆ ಒಂದು ಸಂಬಂಧವನ್ನು ಅಕ್ಷರಶಃ ನಂಬಿಯೇ. ನಿಮ್ಮ ಪಾಠದಲ್ಲಿ ‘ಚಿಲಿಮಿಲಿ ಎಂದು ಓದುವ ಗಿಳಿಗಳಿರಾ’ ವಚನ ಬಂದಿರುತ್ತದೆ. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲು, ಹೀಗೆ ಒಂದೊಂದನ್ನೂ ನಿಲ್ಲಿಸಿ ‘ನೀವು ಕಾಣಿರೆ’ ಎಂದು ಕೇಳುತ್ತ ಹೋಗುವಾಗ, ಯಾವುದೂ ಉತ್ತರ ಕೊಡುವುದಿಲ್ಲ. ಆ ಉತ್ತರವಿಲ್ಲದ ಗಳಿಗೆಗಳನ್ನು ಹಾಡುವವರು ತಾಳದ ಲೆಕ್ಕಕ್ಕೋಸ್ಕರ ತುಂಬಿಬಿಡುತ್ತಾರೆ ಎಂಬುದೇ ನನ್ನ ಮುಖ್ಯ ದೂರು. ಪ್ರಶ್ನೆ ಕೇಳಿದ ಮೇಲೆ ಒಂದು ಕ್ಷಣ ಸುಮ್ಮನಿರಬೇಕು; ಹಕ್ಕಿ ಏನಾದರೂ ಹೇಳೀತೇ ಎಂದು ಹಾಡುಗಾರ್ತಿಯೂ ಕಾಯಬೇಕು.

ಇನ್ನೊಂದು ವಚನವನ್ನೂ ಗಮನಿಸಿ. ಅಕ್ಕ ಕನಸು ಕಾಣುತ್ತಾಳೆ. ಕನಸಿನಲ್ಲಿ ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಾಣುತ್ತವೆ, ಅಂದರೆ ಮದುವೆಮನೆಯ ಸಾಮಾನು. ಚಿಕ್ಕ ಚಿಕ್ಕ ಜಡೆಗಳ, ಸುಲಿದಂಥ ಹಲ್ಲಿನ ಗೊರವನೊಬ್ಬ (ಶೈವ ಭಿಕ್ಷುಕ) ಭಿಕ್ಷೆಗೆ ಬರುತ್ತಾನೆ. ಮೀರಿ ಹೋಗುತ್ತಿದ್ದವನನ್ನು ಅವಳು ಬೆನ್ನತ್ತಿ ಕೈಹಿಡಿಯುತ್ತಾಳೆ. ಆಮೇಲೆ ‘ಕಣ್ತೆರೆದೆನು’ ಎಂದು ವಚನ ಮುಗಿಯುತ್ತದೆ. ಕಣ್ತೆರೆದಾಗ ಅವನು ಸಿಕ್ಕನೋ, ಕನಸಿನೊಡನೆ ಕಳೆದುಹೋದನೋ? ಭಕ್ತರು ಒಂದು ಉತ್ತರ ಹೇಳುತ್ತಾರೆ, ಪ್ರೇಮಿಗಳು ಇನ್ನೊಂದನ್ನು ಹೇಳಿಯಾರು. ಹಾಡುವಾಗ ಎರಡಕ್ಕೂ ಎಡೆ ಇರುವಂತೆ ಆ ಕೊನೆಯ ಪದವನ್ನು ನಿಲ್ಲಿಸಿದರೆ ನಿಮ್ಮ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.

ಪ್ರಶ್ನೆ: ಯಜಮಾನರು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾರೆ. ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಪ್ರೇಮಗೀತೆ ಕಳಿಸುತ್ತಾರೆ, ಮಾತು ಮಾತ್ರ ಕಡಿಮೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬರುವುದು ತಪ್ಪೇ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಪ್ಪಲ್ಲ. ಹಾಡಿನ ‘ನೀನು’ ಎಲ್ಲರಿಗೂ ಹೊಂದುತ್ತದೆ, ಆದ್ದರಿಂದಲೇ ಅದು ನಿಮಗೊಬ್ಬರಿಗೇ ಸೇರಿದ್ದಲ್ಲ. ಹಾಡಿನ ಜೊತೆಗೆ ಅದು ತಮಗೆ ಯಾಕೆ ನೆನಪಾಯಿತು ಎಂಬ ಒಂದು ಸಾಲು ಬರೆಯಲು ಅವರಿಗೆ ಹೇಳಿ. ಮಾತು ಬಾರದ ಗಂಡಸರು ಹಾಡಿನ ಬೆನ್ನಿಗೆ ಅಡಗುವುದು ಹಳೆಯ ಅಭ್ಯಾಸ. ಮೊದಲು ಕ್ಯಾಸೆಟ್ ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ವಿರಹಗೀತೆ ಎಂದಕೂಡಲೇ ಎಲ್ಲರೂ ಪ್ರಿಯಕರ, ಪ್ರೇಯಸಿ ಎನ್ನುತ್ತಾರೆ. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ತವರಿನ ಹಾಡುಗಳಲ್ಲಿ ಇದ್ದದ್ದು ಏನು? (ವಿಜಯಪುರ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಅದೇ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದಾಗ ಓದುಬರಹ ಬಲ್ಲ ಕನ್ನಡಿಗರು ಬೆರಗಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಕೊಟ್ಟ ಮನೆಗೆ ಬಂದ ಹೆಣ್ಣಿಗೆ ಗಂಡನ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹಾಡುವ ಸ್ವಾತಂತ್ರ್ಯ ಅಷ್ಟಾಗಿ ಇರಲಿಲ್ಲ. ತವರಿನ ನೆನಪನ್ನು ಹಾಡಿದರೆ ಅತ್ತೆಯೂ ಬೇಡವೆನ್ನುವಂತಿರಲಿಲ್ಲ, ಏಕೆಂದರೆ ಅವಳೂ ಒಂದು ತವರನ್ನು ಬಿಟ್ಟು ಬಂದವಳೇ. ಹೀಗಾಗಿ ಹೇಳಲಾಗದ ಎಷ್ಟೋ ಮಾತುಗಳು ಅಣ್ಣನ, ಅವ್ವನ, ತವರ ಹಾದಿಯ ಹೆಸರಿನಲ್ಲಿ ಹೊರಗೆ ಬಂದವು.

ಪಂಚಮಿ ಹಬ್ಬಕ್ಕೆ ದಿನ ನಾಲ್ಕೇ ಉಳಿದಿವೆ, ಅಣ್ಣ ಕರೆಯಲು ಇನ್ನೂ ಯಾಕೆ ಬರಲಿಲ್ಲ ಎಂದು ಕೇಳುವ ಹಾಡನ್ನು ನೀವೂ ಕೇಳಿರುತ್ತೀರಿ. ಅಲ್ಲಿ ಕಣ್ಣೀರಿನ ಮಾತಿಗಿಂತ ಮುಂಚೆ ಬರುವುದು ದಿನದ ಲೆಕ್ಕ. ನಾಗರಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುವುದು ಉತ್ತರ ಕರ್ನಾಟಕದ ರೂಢಿ. ಕರೆಯಲು ಯಾರೂ ಬಾರದಿದ್ದರೆ ಅದು ಅವಳೊಬ್ಬಳ ದುಃಖವಾಗಿ ಉಳಿಯುವುದಿಲ್ಲ, ಓಣಿಯವರೆಲ್ಲರ ಕಣ್ಣಿಗೆ ಬೀಳುವ ಅವಮಾನವಾಗುತ್ತದೆ. ಅಕ್ಕಪಕ್ಕದ ಮನೆಯ ಸೊಸೆಯಂದಿರು ಗಂಟುಮೂಟೆ ಕಟ್ಟಿ ಹೊರಡುವುದನ್ನು ನೋಡುತ್ತ ನಿಂತವಳ ಆತಂಕ ಆ ‘ನಾಲ್ಕು ದಿನ’ದಲ್ಲಿ ತುಂಬಿಕೊಂಡಿದೆ.

ಇನ್ನು ಬೀಸುವಾಗಿನ ಈ ಹಾಡುಗಳ ತ್ರಿಪದಿಯ ಕಟ್ಟು. ಬರೆಯುವಾಗ ಅದು ಮೂರು ಸಾಲು, ಹಾಡುವಾಗ ನಾಲ್ಕಾಗುತ್ತದೆ, ಏಕೆಂದರೆ ಎರಡನೆಯ ಸಾಲಿನ ಮಾತನ್ನು ಮರಳಿ ಎತ್ತಿಕೊಂಡೇ ಮೂರನೆಯ ಸಾಲಿಗೆ ಹೋಗಬೇಕು. ಬೀಸುಗಲ್ಲು ಒಂದು ಸುತ್ತು ಬಂದು ಅದೇ ಜಾಗಕ್ಕೆ ಮರಳುವಾಗ ಮಾತೂ ಮರಳುತ್ತದೆ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು, ಒಮ್ಮೆ ಹಿಂದಕ್ಕೆ ಸರಿದು, ಆಮೇಲೆ ಬರುವ ಆ ತಡೆಯೇ ಹಾಡಿನ ಹಂಬಲವನ್ನು ಹಿಡಿದುಕೊಂಡಿದೆ. ನಿಮ್ಮ ಅಜ್ಜಿಯ ಹಾಡುಗಳನ್ನು ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ ಬರೆದಿಟ್ಟುಕೊಂಡರೆ ಸಾಲದು, ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಕಾಗದದ ಮೇಲೆ ಆ ಮರಳಿ ಎತ್ತುವ ಜಾಗ ಕಾಣುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನಾವು ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ‘ಯಾವ ಮೋಹನ ಮುರಲಿ ಕರೆಯಿತು’ ಹಾಡನ್ನು ತಾಯ್ನಾಡಿನ ನೆನಪಿನ ಹಾಡೆಂದೇ ಹಾಡುತ್ತೇವೆ. ಅಡಿಗರ ಉದ್ದೇಶ ಅದೇ ಆಗಿತ್ತೇ? (ನ್ಯೂಜೆರ್ಸಿಯ ಓದುಗರು)

ಉತ್ತರ: ಗೋಪಾಲಕೃಷ್ಣ ಅಡಿಗರ ಕವಿತೆಯಲ್ಲಿ ವಿಮಾನವೂ ಇಲ್ಲ, ವೀಸಾ ಕೂಡ ಇಲ್ಲ. ಆ ಅರ್ಥ ಅಂಟಿಕೊಂಡದ್ದು ನಾಗತಿಹಳ್ಳಿ ಚಂದ್ರಶೇಖರ ಅವರ ‘ಅಮೆರಿಕ ಅಮೆರಿಕ’ ಚಿತ್ರದಲ್ಲಿ ಅದನ್ನು ಬಳಸಿಕೊಂಡ ಮೇಲೆ. ಮೂಲದಲ್ಲಿ ಕವಿ ಮಾತಾಡಿಸುತ್ತಿರುವುದು ಮನೆ, ಹಾಸಿಗೆ, ಅಪ್ಪುಗೆ ಎಲ್ಲವೂ ಇದ್ದು, ಇಷ್ಟೇ ಸಾಕು ಎಂದುಕೊಂಡಿದ್ದ ಮನುಷ್ಯನನ್ನು. ಹಾಗಿದ್ದವನಿಗೆ ಇಂದು ಇದೇನು ಬೇಸರ ಎಂದು ಕವಿ ಕೇಳುತ್ತಾರೆ. ಇರುವುದನ್ನು ಬಿಟ್ಟು ಇರದುದರ ಕಡೆಗೆ ತುಡಿಯುವುದರ ಬಗೆಗಿನ ಆ ಪ್ರಸಿದ್ಧ ಸಾಲನ್ನು ಅನೇಕರು ಸುಭಾಷಿತದಂತೆ ಗೋಡೆಗೆ ಹಾಕಿಕೊಳ್ಳುತ್ತಾರೆ. ಕವಿತೆ ನಡೆಯುವುದು ಮಾತ್ರ ಪ್ರಶ್ನೆಯ ಮೇಲೆ ಪ್ರಶ್ನೆಯಾಗಿ.

ಆದರೂ ನಿಮ್ಮ ಓದನ್ನು ತಪ್ಪೆನ್ನಲಾರೆ. ದೂರ ತೀರಕ್ಕೆ ‘ನಿನ್ನನು’ ಕರೆದದ್ದು ಯಾವ ಕೊಳಲು ಎಂದು ಹಾಡು ಕೇಳುವಾಗ, ಊರಲ್ಲೇ ಉಳಿದವರು ಹೊರಟುಹೋದ ಮಗನನ್ನು ನೆನೆಯುತ್ತಾರೆ. ಹೊರಟುಹೋದ ಮಗ ತನ್ನನ್ನೇ ಕೇಳಿಕೊಳ್ಳುತ್ತಾನೆ. ಒಂದೇ ಸಾಲು ಎರಡು ದಡದಿಂದಲೂ ಕೇಳಿಸುವಂತೆ ಬರೆಯುವುದು ಸುಲಭದ ಕೆಲಸವಲ್ಲ.

ಪ್ರಶ್ನೆ: ನಾನು ಹಾಡು ಬರೆಯಲು ಕಲಿಯುತ್ತಿದ್ದೇನೆ. ಸಂಗೀತ ನಿರ್ದೇಶಕ ಗೆಳೆಯ ಮೊದಲು ಟ್ಯೂನ್ ಕಳಿಸುತ್ತಾನೆ, ನಾನು ಅದಕ್ಕೆ ಪದ ಕೂರಿಸುತ್ತೇನೆ. ಬ್ರೇಕಪ್ ಹಾಡಿಗಾಗಿ ಬರೆದ ಪಲ್ಲವಿ: ‘ನನ್ನ ಮನಸಿನ ಕನಸು ನೀನೇ, ನಿನ್ನ ನೆನಪೇ ಉಸಿರು ತಾನೇ.’ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಏನು ಮಾಡಲಿ? (ಬೆಂಗಳೂರಿನ ಯುವಕ)

ಉತ್ತರ: ಮನಸು, ಕನಸು, ನೆನಪು, ಉಸಿರು ಈ ನಾಲ್ಕನ್ನೂ ಆರು ತಿಂಗಳ ಮಟ್ಟಿಗೆ ಬೀಗ ಹಾಕಿಡಿ. ಅವು ಕೆಟ್ಟ ಪದಗಳೆಂದಲ್ಲ. ಯಾವ ಟ್ಯೂನ್‌ಗಾದರೂ ಕೂರುತ್ತವೆ ಎಂಬುದೇ ಅವುಗಳ ದೋಷ.

ಟ್ಯೂನ್‌ಗೆ ಬರೆಯುವುದರಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಕಾದಿದೆ, ಬೇಡಿದೆ, ಹಾಡಿದೆ’ ಎಂದು ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ, ಮತ್ತು ಹಾಡು ಅಲ್ಲೇ ಸಪ್ಪಗಾಗುತ್ತದೆ. ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟು, ಕೊನೆಯನ್ನು ಬಿಡುವಾಗಿ ಇಟ್ಟುಕೊಂಡಿದ್ದರು. ಅದನ್ನೊಮ್ಮೆ ಪ್ರಯತ್ನಿಸಿ. ಟ್ಯೂನ್‌ನಲ್ಲಿ ದನಿ ಎಳೆದು ನಿಲ್ಲುವ ಕಡೆ ಆ, ಏ, ಓ ಬರುವ ಅಕ್ಷರವನ್ನಿಡಿ. ‘ಉಸಿರು’ ಎಂಬಂಥ ಉಕಾರಾಂತ ಪದವನ್ನು ಅಲ್ಲಿ ಕೂರಿಸಿದರೆ ಹಾಡುವವರು ‘ಉಸಿರೂ’ ಎಂದು ಎಳೆಯಬೇಕಾಗುತ್ತದೆ. ಕೇಳುಗರಿಗೆ ದುಃಖಕ್ಕಿಂತ ಮೊದಲು ಆ ಎಳೆತವೇ ಕಾಣಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ನಿಮ್ಮ ಪಲ್ಲವಿಯಲ್ಲಿ ಹುಡುಗಿ ಎಲ್ಲೂ ವಾಸವಾಗಿರಲಿಲ್ಲ. ಅವಳು ಬಿಟ್ಟುಹೋದ ಒಂದು ವಸ್ತುವನ್ನು ಹುಡುಕಿ. ‘ನೀ ಮರೆತ ಕೊಡೆ ಬಾಗಿಲ ಮೂಲೆಯಲಿ, ಮಳೆಗಾಲ ಮುಗಿದೇ ಹೋಯಿತು’ ಎಂದು ಬರೆದರೆ ದೊಡ್ಡ ಕವಿತೆಯೇನೂ ಆಗಲಿಲ್ಲ, ಆದರೆ ಅವಳು ಬಂದಿದ್ದಳು, ಮಳೆ ಬರುತ್ತಿತ್ತು, ಆತುರದಲ್ಲಿ ಹೋದಳು, ತೆಗೆದುಕೊಂಡು ಹೋಗಲು ಮರಳಲಿಲ್ಲ, ಅವನೂ ಕೊಡಲು ಹೋಗಲಿಲ್ಲ, ಎಸೆಯಲೂ ಇಲ್ಲ ಎಂಬಷ್ಟು ಸಂಗತಿ ಕೇಳುಗರಿಗೆ ದಕ್ಕಿತು. ಉಳಿದ ನೋವನ್ನು ಅವರು ತಮ್ಮ ಮನೆಯ ಯಾವುದೋ ಮೂಲೆಯಿಂದ ತಂದುಕೊಳ್ಳುತ್ತಾರೆ.

ಕೊನೆಯದಾಗಿ, ಚರಣಗಳನ್ನು ಮೊದಲು ಬರೆದು ಪಲ್ಲವಿಯನ್ನು ಆಮೇಲೆ ಬರೆಯಿರಿ. ಪಲ್ಲವಿ ಮೂರು ನಾಲ್ಕು ಸಲ ಮರಳಿ ಬರುತ್ತದೆ. ಪ್ರತಿ ಚರಣದ ನಂತರ ಅದೇ ಸಾಲಿಗೆ ಸ್ವಲ್ಪ ಬೇರೆ ಅರ್ಥ ಕೂಡಿಕೊಳ್ಳದಿದ್ದರೆ, ಗೆಳೆಯನಿಗೆ ಹೇಳಿ ಟ್ಯೂನ್‌ನಲ್ಲಿ ಒಂದು ಆವರ್ತನೆಯನ್ನು ತೆಗೆಸಿಬಿಡಿ.